ಗುರುವಿನ ಮನೆ ಮತ್ತು ಅಮೀರ್‌ಪೇಟ್‌ನ ಪಾಠದ ಕೋಣೆ

(ಅಮೀರ್‌ಪೇಟ್‌ನಲ್ಲಿ ನಡೆದ ಕನ್ನಡ ಕುಟುಂಬಗಳ ಕೂಟವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಅನುಭವಸ್ಥ ಶಿಕ್ಷಕರಲ್ಲಿ ಖಾಸಗಿಯಾಗಿ ಸಂಗೀತ ಕಲಿಯುವುದನ್ನು ಕುರಿತು ನಾನು ಮಾತನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ಮೇಲ್ನೋಟಕ್ಕೆ ಇದು ಮನೆವಾರ್ತೆಯ ವಿಷಯ. ಮಗುವಿಗೆ ಏಳೆಂಟು ವರ್ಷವಾಯಿತು, ದನಿ ಚೆನ್ನಾಗಿದೆ, ಯಾರ ಬಳಿ ಕಳಿಸುವುದು, ತಿಂಗಳಿಗೆ ಎಷ್ಟು ಕೊಡುವುದು, ಎಷ್ಟು ದಿನದಲ್ಲಿ ಹಾಡುವುದಕ್ಕೆ ಬರುತ್ತದೆ, ಇಷ್ಟನ್ನು ತಿಳಿದುಕೊಂಡರೆ ಸಾಕೆನಿಸುತ್ತದೆ. ಆದರೆ ಈ ಮೂರು ಪ್ರಶ್ನೆಗಳನ್ನು ನಾವು ಯಾವ ಕ್ರಮದಲ್ಲಿ ಕೇಳುತ್ತೇವೆ ಎಂಬುದರಲ್ಲಿ ನಮ್ಮ ಸಂಸ್ಕೃತಿಯ ಸ್ಥಿತಿಗತಿ ಅಡಗಿದೆ. ಇತ್ತೀಚೆಗೆ ಮೂರನೆಯ ಪ್ರಶ್ನೆಯನ್ನೇ ಮೊದಲು ಕೇಳುತ್ತಿದ್ದೇವೆಂದು ನನ್ನ ಶಂಕೆ.

ಹಾಗೆ ಕೇಳುವುದಕ್ಕೆ ನಾವು ಕುಳಿತಿರುವ ಈ ಸ್ಥಳವೂ ಒಂದು ಕಾರಣ. ಅಮೀರ್‌ಪೇಟ್ ಎಂದರೆ ವಿದ್ಯೆಯ ಸಂತೆ. ಮೈತ್ರೀವನದ ಸುತ್ತಮುತ್ತ ಒಂದು ಗೋಡೆಯೂ ಖಾಲಿ ಉಳಿಯದಂತೆ ಕಂಪ್ಯೂಟರ್ ತರಬೇತಿಯ ಫಲಕಗಳು ನೇತಾಡುತ್ತವೆ. ಊರೂರುಗಳಿಂದ ಬಂದ ಯುವಕ ಯುವತಿಯರು ಹಾಸ್ಟೆಲುಗಳ ಸಣ್ಣ ಕೋಣೆಗಳಲ್ಲಿ ತಂಗಿ, ಕೆಲವು ವಾರಗಳಲ್ಲಿ ಒಂದು ಕೌಶಲವನ್ನು ಕಲಿತು, ಕೆಲಸ ಹುಡುಕುತ್ತ ಹೊರಡುತ್ತಾರೆ. 2017ರ ನವೆಂಬರ್‌ನಲ್ಲಿ ಮೆಟ್ರೊ ರೈಲು ಬಂತು. ಈಗ ಎರಡು ಮಾರ್ಗಗಳು ಕೂಡುವ ನಿಲ್ದಾಣವೂ ಇಲ್ಲೇ ಇದೆ. ಈ ಸಂತೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಬೀದರ್, ಕಲಬುರಗಿ, ರಾಯಚೂರುಗಳ ಎಷ್ಟೋ ಮನೆಗಳಲ್ಲಿ ಇಂದು ಒಲೆ ಉರಿಯುತ್ತಿರುವುದು ಇಲ್ಲಿ ಕಲಿತ ಮಕ್ಕಳ ದುಡಿಮೆಯಿಂದ. ಆದರೆ ನಲವತ್ತೈದು ದಿನಗಳಲ್ಲಿ ಮುಗಿಯುವ ವಿದ್ಯೆಗೆ ಹೊಂದುವ ಅಳತೆಗೋಲನ್ನು ನಲವತ್ತೈದು ತಿಂಗಳಾದರೂ ಮುಗಿಯದ ವಿದ್ಯೆಗೆ ಹಿಡಿದರೆ ಏನಾಗುತ್ತದೆ ಎಂಬುದನ್ನು ಯೋಚಿಸಬೇಕಾಗಿದೆ.

ಖಾಸಗಿ ಶಿಕ್ಷಕರಿಗೆ ನಾವು ಹಣ ಕೊಡುವುದು ಯಾವುದಕ್ಕೆ? ಹಾಡುಗಳಿಗೆಂದು ಬಹಳ ಮಂದಿ ಭಾವಿಸಿದ್ದಾರೆ. ಹಾಡುಗಳು ಈಗ ಎಲ್ಲೆಂದರಲ್ಲಿ ಸಿಗುತ್ತವೆ. ಅಂಗೈಯಲ್ಲಿರುವ ಫೋನಿನಲ್ಲಿ ಒಂದು ದೇವರನಾಮವನ್ನು ಹತ್ತು ಮಂದಿ ವಿದ್ವಾಂಸರು ಹಾಡಿರುವುದನ್ನು ಕೇಳಬಹುದು. ಸ್ವರಲಿಪಿಗಾಗಿಯೂ ಅಲ್ಲ, ಅದು ಅಚ್ಚಾದ ಪುಸ್ತಕಗಳಲ್ಲಿದೆ. ಇನ್ನೂ ತನಗೆ ಕೇಳಿಸದ ತಪ್ಪನ್ನು ಕೇಳಿಸಿಕೊಳ್ಳಬಲ್ಲ ಒಂದು ಕಿವಿ ವಾರಕ್ಕೆರಡು ಬಾರಿ ಮಗುವಿನ ಎದುರಿಗೆ ಕುಳಿತಿರಲಿ ಎಂಬುದಕ್ಕಾಗಿ ನಾವು ಹಣ ಕೊಡುತ್ತೇವೆ. ಅನುಭವ ಎಂಬುದು ಆ ಕಿವಿಯ ಹೆಸರು. ನನ್ನ ಇಂದಿನ ಮಾತೆಲ್ಲವೂ ಈ ಒಂದು ಸಂಗತಿಯ ವಿಸ್ತರಣೆ.

ಅತ್ಯಂತ ಆರಂಭದ ಪಾಠವನ್ನೇ ತೆಗೆದುಕೊಳ್ಳೋಣ. ಸರಳೆ, ಜಂಟಿ, ಅಲಂಕಾರಗಳ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಪರಂಪರೆ ಹೇಳುತ್ತದೆ. ಇವನ್ನು ಮಾಯಾಮಾಳವಗೌಳ ರಾಗದಲ್ಲಿ ಕಲಿಸುತ್ತಾರೆ. ಏಕೆ? ಈ ರಾಗದಲ್ಲಿ ರಿಷಭವು ಷಡ್ಜಕ್ಕೆ ತೀರ ಸಮೀಪ. ಗಾಂಧಾರವು ಮಧ್ಯಮಕ್ಕೆ ತೀರ ಸಮೀಪ. ಹಾಗೆಯೇ ದೈವತವು ಪಂಚಮಕ್ಕೂ ನಿಷಾದವು ಮೇಲಿನ ಷಡ್ಜಕ್ಕೂ ಅಂಟಿಕೊಂಡಂತಿವೆ. ಕೆಳಗಿನ ಅರ್ಧ ಹೇಗಿದೆಯೋ ಮೇಲಿನ ಅರ್ಧವೂ ಹಾಗೆಯೇ ಇದೆ. ಒಂದನ್ನು ಸರಿಯಾಗಿ ಹಿಡಿದ ಮಗುವಿಗೆ ಇನ್ನೊಂದು ತಾನಾಗಿ ಒದಗುತ್ತದೆ. ಆದರೆ ಆ ಮೊದಲನೆಯ ರಿಷಭವೇ ಕಷ್ಟ. ಹೊಸದಾಗಿ ಕಲಿಯುವ ಮಗು ಅದನ್ನು ಸ್ವಲ್ಪ ಎತ್ತಿ ಹಾಡುತ್ತದೆ, ಗಾಂಧಾರವನ್ನು ಸ್ವಲ್ಪ ಇಳಿಸಿ ಹಾಡುತ್ತದೆ. ಅನನುಭವಿಯಾದವರಿಗೆ ಅದು ಕೇಳಿಸುವುದೇ ಇಲ್ಲ. ಕೇಳಿಸಿದರೂ ಕೆಲವರು ‘ತಪ್ಪು, ಮತ್ತೆ ಹಾಡು’ ಎನ್ನುತ್ತಾರೆ. ಮಗು ಅದೇ ತಪ್ಪನ್ನು ಇನ್ನಷ್ಟು ಗಟ್ಟಿಯಾಗಿ ಹಾಡುತ್ತದೆ. ಅನುಭವಸ್ಥರು ಹಾಗೆ ಮಾಡುವುದಿಲ್ಲ. ತಂಬೂರಿಯ ಶ್ರುತಿಯೊಳಗೆ ಮಗುವನ್ನು ಷಡ್ಜದ ಮೇಲೆ ನಿಲ್ಲಿಸುತ್ತಾರೆ, ಪಂಚಮಕ್ಕೆ ಕರೆದೊಯ್ಯುತ್ತಾರೆ, ಮತ್ತೆ ಷಡ್ಜಕ್ಕೆ ತರುತ್ತಾರೆ. ಆ ಎರಡು ಕಂಬಗಳು ನೆಟ್ಟಗೆ ನಿಂತ ಮೇಲೆ ರಿಷಭವನ್ನು ತಾವೇ ಹಾಡಿ ತೋರಿಸುತ್ತಾರೆ. ಒಂದು ಸ್ವರಕ್ಕೆ ಹದಿನೈದು ದಿನ ಹಿಡಿಯಬಹುದು. ‘ಮಗು ಇನ್ನೂ ಸರಳೆಯಲ್ಲೇ ಇದೆಯಲ್ಲ’ ಎಂದು ತಾಯಿ ಪೇಚಾಡುವ ಕಾಲದಲ್ಲಿ ಒಳಗೆ ನಡೆಯುತ್ತಿರುವ ಕೆಲಸ ಇದು.

ತಾಳದ ವಿಷಯವೂ ಹಾಗೆಯೇ. ಆದಿತಾಳದ ಎಂಟು ಎಣಿಕೆಗಳನ್ನು, ಒಂದು ಘಾತ, ಮೂರು ಬೆರಳೆಣಿಕೆ, ಬಳಿಕ ಎರಡು ದ್ರುತ, ಯಾರು ಬೇಕಾದರೂ ಐದು ನಿಮಿಷದಲ್ಲಿ ತೋರಿಸಿಕೊಡಬಹುದು. ಆದರೆ ಅದೇ ವರಸೆಯನ್ನು ಎರಡನೆಯ ಕಾಲದಲ್ಲಿ, ಮೂರನೆಯ ಕಾಲದಲ್ಲಿ ಹಾಡುವಾಗ ಕೈ ದನಿಯ ಬೆನ್ನು ಹತ್ತಿ ಓಡುತ್ತದೆ. ಕೈ ನಿಧಾನವಾಗಿದ್ದು ದನಿ ಮಾತ್ರ ಇಮ್ಮಡಿಯಾಗಬೇಕೆಂಬುದು ಮಗುವಿನ ದೇಹಕ್ಕೆ ತಿಳಿಯಬೇಕು. ಅದು ವಿವರಣೆಯಿಂದ ಬರುವುದಿಲ್ಲ. ಎದುರಿಗೆ ಕುಳಿತವರ ತೊಡೆಯ ಮೇಲೆ ಬೀಳುವ ಕೈಯನ್ನು ನೋಡಿ ನೋಡಿ ಬರುತ್ತದೆ.

ಇನ್ನೊಂದು ಉದಾಹರಣೆ ಗಂಡುಮಕ್ಕಳದು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಹುಡುಗನ ಕಂಠ ಒಡೆಯುತ್ತದೆ. ನಿನ್ನೆಯವರೆಗೆ ಗಂಟೆಯಂತಿದ್ದ ದನಿ ಇಂದು ಮೇಲಕ್ಕೂ ಏರದು, ಕೆಳಗೂ ನಿಲ್ಲದು. ಆ ಸಮಯದಲ್ಲಿ ಹಳೆಯ ಶ್ರುತಿಯಲ್ಲೇ ಹಾಡಿಸಿದರೆ ಗಂಟಲಿಗೆ ಕೇಡು. ‘ಇನ್ನು ಇವನಿಗೆ ಸಂಗೀತ ಬಾರದು’ ಎಂದು ಬಿಡಿಸಿಬಿಟ್ಟರೆ ಆರು ವರ್ಷದ ಪಾಠ ವ್ಯರ್ಥ. ಬಲ್ಲವರು ಶ್ರುತಿಯನ್ನು ಇಳಿಸುತ್ತಾರೆ, ಹಾಡುವುದನ್ನು ಕಡಿಮೆ ಮಾಡಿ ಕೇಳುವುದನ್ನು, ಸ್ವರ ಬರೆಯುವುದನ್ನು, ತಾಳದ ಲೆಕ್ಕವನ್ನು ಹೆಚ್ಚು ಮಾಡುತ್ತಾರೆ, ಹೊಸ ಕಂಠ ನೆಲೆಗೊಳ್ಳುವವರೆಗೆ ಕಾಯುತ್ತಾರೆ. ನಮ್ಮ ಸಂಘಗಳಲ್ಲಿ ಚಿಕ್ಕಂದಿನಲ್ಲಿ ಹಾಡುತ್ತಿದ್ದ ಹುಡುಗರು ದೊಡ್ಡವರಾದ ಮೇಲೆ ಎಲ್ಲಿ ಹೋದರೆಂದು ಕೇಳಿಕೊಂಡರೆ, ಈ ಎರಡು ವರ್ಷಗಳನ್ನು ದಾಟಿಸುವವರು ಸಿಗದೆ ಎಷ್ಟೋ ಮಂದಿ ಉಳಿದುಹೋದರೆಂಬುದು ಗೊತ್ತಾಗುತ್ತದೆ.

ಸಂಗೀತದಲ್ಲಿ ಮಾತ್ರ ಹೀಗೆಂದು ತಿಳಿಯಬೇಕಾಗಿಲ್ಲ. ಈಗ ನಮ್ಮ ಬಡಾವಣೆಗಳಲ್ಲಿ ಚದುರಂಗದ ಪಾಠಗಳೂ ಬಹಳವಾಗಿವೆ. ಅಲ್ಲಿ ಯಂತ್ರದ ಆಟವು ಯಾವ ಗುರುವಿನ ಆಟಕ್ಕಿಂತಲೂ ಬಲವಾದದ್ದು. ಯಾವ ಸ್ಥಿತಿಯಲ್ಲಿ ಯಾವ ನಡೆ ಉತ್ತಮವೆಂಬುದನ್ನು ಅದು ಕ್ಷಣಮಾತ್ರದಲ್ಲಿ ತೋರಿಸುತ್ತದೆ. ಆದರೂ ಶಿಕ್ಷಕರ ಅಗತ್ಯ ತಪ್ಪಿಲ್ಲ. ಮಗು ಆ ಕೆಟ್ಟ ನಡೆಯನ್ನು ಏಕೆ ಆರಿಸಿತು, ಹೆದರಿಕೆಯಿಂದಲೋ, ಆತುರದಿಂದಲೋ, ಎದುರಾಳಿಯ ಯೋಜನೆಯನ್ನು ಗಮನಿಸದೆಯೋ, ಎಂಬುದನ್ನು ಕಂಡುಹಿಡಿಯುವುದು ಸೋತ ಆಟವನ್ನು ಮಗುವಿನೊಡನೆ ಮತ್ತೊಮ್ಮೆ ನಡೆಸಿನೋಡುವ ಹಿರಿಯರಿಂದ ಆಗುವ ಕೆಲಸ. ನೆರೆಯ ಆಂಧ್ರದ ಕೊನೇರು ಹಂಪಿಯವರನ್ನು ನೋಡಿ. ಅವರ ತಂದೆ ಅಶೋಕ್ ಅಧ್ಯಾಪಕ ವೃತ್ತಿಯನ್ನು ಬಿಟ್ಟು ಮಗಳಿಗೆ ಶಿಕ್ಷಕರಾದರು. 2002ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಆಕೆ ಗ್ರ್ಯಾಂಡ್‌ಮಾಸ್ಟರ್ ಆದರು. ಎಲ್ಲ ತಂದೆಯರೂ ನೌಕರಿ ಬಿಡಬೇಕೆಂದು ಇದರ ಅರ್ಥವಲ್ಲ. ಒಂದು ಮಗುವಿನ ಕಲಿಕೆಗೆ ಒಬ್ಬ ಹಿರಿಯರ ಎಷ್ಟು ಗಮನ ಬೇಕಾಗುತ್ತದೆಂಬುದನ್ನು ಇದು ತೋರಿಸುತ್ತದೆ.

ಬಂಧುಗಳೆ, ಕನ್ನಡನಾಡಿನ ಸಂಗೀತದ ಚರಿತ್ರೆಯನ್ನು ಗುರುಗಳನ್ನು ಅರಸಿಕೊಂಡು ಹೋದವರ ಚರಿತ್ರೆಯೆಂದೇ ಬರೆಯಬಹುದು. ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗದಗಿನ ಮನೆ ಬಿಟ್ಟು ಹೊರಟರು. ಗ್ವಾಲಿಯರ್, ರಾಂಪುರ, ಜಲಂಧರಗಳವರೆಗೆ ಅಲೆದರು. ಕೊನೆಗೆ 1936ರಲ್ಲಿ ಅವರಿಗೆ ದೊರೆತ ಗುರುಗಳು ಸವಾಯಿ ಗಂಧರ್ವರು. ಅವರ ಮನೆಯಿದ್ದದ್ದು ಹುಬ್ಬಳ್ಳಿಯ ಪಕ್ಕದ ಕುಂದಗೋಳದಲ್ಲಿ. ಉತ್ತರ ಹಿಂದೂಸ್ಥಾನವನ್ನೆಲ್ಲ ಸುತ್ತಿ ಹುಡುಕಿದ ವಸ್ತು ತಮ್ಮ ಸೀಮೆಯಲ್ಲೇ ಇತ್ತು. ಅದೇ ಕುಂದಗೋಳಕ್ಕೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಗುರುಗಳಾದ ಸವಾಯಿ ಗಂಧರ್ವರು ತಾವು ಕಲಿತದ್ದು ಕಿರಾನಾ ಊರಿನಿಂದ ಬಂದ ಅಬ್ದುಲ್ ಕರೀಂ ಖಾನರಲ್ಲಿ. ಮಲ್ಲಿಕಾರ್ಜುನ ಮನಸೂರರು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು ಹೆಸರಾದ ಮೇಲೆಯೂ ಮುಂಬಯಿಯಲ್ಲಿ ಮಂಜೀಖಾನರ ಶಿಷ್ಯರಾದರು; 1937ರಲ್ಲಿ ಅವರು ತೀರಿಕೊಂಡ ಮೇಲೆ ಭೂರ್ಜೀಖಾನರ ಬಳಿಗೆ ಹೋದರು. ಇತ್ತ ಮೈಸೂರಿನ ವಾಸುದೇವಾಚಾರ್ಯರು ಅರಮನೆಯ ನೆರವು ಪಡೆದು ತಿರುವಯ್ಯಾರಿನಲ್ಲಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಶಿಷ್ಯವೃತ್ತಿ ಮಾಡಿದರು. ಪಿಟೀಲು ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಬಳಿ ದೀರ್ಘಕಾಲ ಗುರುಕುಲವಾಸ ಮಾಡಿದರು.

ಈ ಹೆಸರುಗಳನ್ನು ಹೊಗಳಿಕೆಗಾಗಿ ಹೇಳಲಿಲ್ಲ. ಇವರಲ್ಲಿ ಅನೇಕರು ತಮ್ಮ ಮಾತು ನಡೆಯದ ಊರಿನಲ್ಲಿ, ಬೇರೆ ಭಾಷೆಯ, ಬೇರೆ ಮತದ ಗುರುವಿನ ಎದುರು ಕುಳಿತು ಕಲಿತರೆಂಬುದನ್ನು ಹೊರನಾಡಿನವರಾದ ನಾವು ಗಮನಿಸಬೇಕು. ಗುರು ಕನ್ನಡಿಗರೇ ಆಗಿರಬೇಕೆಂದು ಅವರು ಹಟ ಹಿಡಿದಿದ್ದರೆ ಧಾರವಾಡದ ಸಂಗೀತವೂ ಇರುತ್ತಿರಲಿಲ್ಲ, ಮೈಸೂರಿನ ಸಂಗೀತವೂ ಈಗಿರುವಂತೆ ಇರುತ್ತಿರಲಿಲ್ಲ. ಕನ್ನಡದ ಮನೆಯಲ್ಲಿ ಬೆಳೆದ ವಾಸುದೇವಾಚಾರ್ಯರ ಕೃತಿಗಳಲ್ಲಿ ಹೆಚ್ಚಿನವು ತೆಲುಗು ಸಂಸ್ಕೃತಗಳಲ್ಲಿವೆ.

ಹಾಗೆಂದು ಹಳೆಯ ಗುರುಕುಲವನ್ನು ಸ್ವರ್ಗವೆಂದು ವರ್ಣಿಸುವುದೂ ಸಲ್ಲದು. ಆ ಮನೆಗಳಲ್ಲಿ ಶಿಷ್ಯನ ಅರ್ಧ ದಿನ ನೀರು ಸೇದುವುದರಲ್ಲಿ, ಬಟ್ಟೆ ಒಗೆಯುವುದರಲ್ಲಿ ಕಳೆಯುತ್ತಿತ್ತು. ಗುರುವಿಗೆ ಮನಸ್ಸು ಬಂದ ದಿನ ಪಾಠ, ಬಾರದ ದಿನ ಇಲ್ಲ. ಎಷ್ಟೋ ಗುರುಗಳು ತಮ್ಮ ಮಕ್ಕಳಿಗೆಂದು ಕೆಲವು ರಾಗಗಳನ್ನು ಬಚ್ಚಿಟ್ಟರು. ಯಾವ ಜಾತಿಯವರಿಗೆ ಯಾವ ಮನೆಯ ಬಾಗಿಲು ತೆರೆಯುತ್ತಿತ್ತು, ಯಾವುದು ತೆರೆಯುತ್ತಿರಲಿಲ್ಲ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಹಾಡುವ ಹೆಣ್ಣಿಗೆ ಸಮಾಜ ಏನೆನ್ನುತ್ತಿತ್ತು, ಯಾವ ಮಾತುಗಳನ್ನು ಕೇಳಿಕೊಂಡು ಪಾಠಕ್ಕೆ ಹೋಗಬೇಕಾಗಿತ್ತು ಎಂಬುದಕ್ಕೆ ಗಂಗೂಬಾಯಿಯವರ ಬದುಕೇ ಸಾಕ್ಷಿ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದದ್ದು, ಭಾತಖಂಡೆಯವರು ಚೀಜುಗಳನ್ನು ಸ್ವರಲಿಪಿಯೊಡನೆ ಅಚ್ಚು ಹಾಕಿಸಿದ್ದು, ಈ ಮುಚ್ಚಿದ ಬಾಗಿಲುಗಳನ್ನು ತೆರೆಯುವ ಪ್ರಯತ್ನಗಳೇ. ನಮ್ಮ ಹೈದರಾಬಾದಿನಲ್ಲಿಯೂ 1952ರಲ್ಲಿ ಸರ್ಕಾರಿ ಸಂಗೀತ ಕಾಲೇಜು ಆರಂಭವಾಯಿತು. ತ್ಯಾಗರಾಜರ ಹೆಸರಿನಲ್ಲಿ ಅದು ನಡೆಯುತ್ತಿದೆ. ಪಠ್ಯಕ್ರಮ, ಪರೀಕ್ಷೆ, ಪ್ರಮಾಣಪತ್ರಗಳ ಈ ಮಾರ್ಗದಿಂದ ಸಾವಿರಾರು ಸಾಮಾನ್ಯ ಮನೆಗಳಿಗೆ ಸಂಗೀತ ತಲಪಿತು.

ಇವೆರಡರ ನಡುವೆ ಇಂದಿನ ಮನೆಪಾಠ ನಿಂತಿದೆ. ಅಪಾರ್ಟ್‌ಮೆಂಟಿನ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ, ಶ್ರುತಿಪೆಟ್ಟಿಗೆ ಹಚ್ಚಿ, ಸಂಜೆ ಐದರಿಂದ ಎಂಟರವರೆಗೆ ಪಾಠ ಹೇಳುವ ಗುರುಗಳಲ್ಲಿ ಬಹುಪಾಲು ಹೆಂಗಸರು. ಅವರು ಗುರುಕುಲದ ಒಳ್ಳೆಯ ಅಂಶವಾದ ಎದುರುಬದುರಿನ ಗಮನವನ್ನೂ ಶಾಲೆಯ ಒಳ್ಳೆಯ ಅಂಶವಾದ ಗೊತ್ತಾದ ಹೊತ್ತನ್ನೂ ಕೂಡಿಸಿದ್ದಾರೆ. ಸಂಬಳ ಕೊಟ್ಟು ಕಲಿಯುವುದು ವಿದ್ಯೆಗೆ ಅವಮಾನವೆಂದು ಕೆಲವು ಹಿರಿಯರು ಇನ್ನೂ ಹೇಳುವುದುಂಟು. ನನಗೆ ಹಾಗನಿಸುವುದಿಲ್ಲ. ಗೊತ್ತಾದ ಸಂಬಳವಿದ್ದರೆ ಶಿಷ್ಯನು ಸೇವಕನಾಗಬೇಕಾಗಿಲ್ಲ, ಗುರುವು ಯಾರ ಕೃಪೆಗೂ ಕಾಯಬೇಕಾಗಿಲ್ಲ. ಗಂಗೂಬಾಯಿಯವರಿಗೆ ಮೊದಲು ಪಾಠ ಹೇಳಿದ ಗುರುಗಳು ಒಂದು ವರ್ಷದಲ್ಲಿ ಅರವತ್ತರಷ್ಟು ಚೀಜುಗಳನ್ನು ಕಲಿಸಿ, ಸಂಭಾವನೆಯ ವಿಷಯದಲ್ಲಿ ಒಮ್ಮತವಾಗದೆ ಹೊರಟುಹೋದರು. ಹಣದ ಮಾತನ್ನು ಸಂಕೋಚವಿಲ್ಲದೆ ಮೊದಲೇ ಆಡಿಕೊಳ್ಳುವುದು ಎರಡು ಕಡೆಗೂ ಗೌರವ.

ಆದರೆ ನಾವು ಈ ಗೌರವವನ್ನು ನಿಜವಾಗಿ ಸಲ್ಲಿಸುತ್ತಿದ್ದೇವೆಯೆ? ಮಗುವಿಗೆ ಜ್ವರ ಬಂದು ಎರಡು ವಾರ ಪಾಠ ತಪ್ಪಿದರೆ ಅರ್ಧ ಸಂಬಳ ಹಿಡಿಯುತ್ತೇವೆ. ಮಾರ್ಚಿ ತಿಂಗಳು ಬಂದರೆ ಶಾಲೆಯ ಪರೀಕ್ಷೆಯೆಂದು ಪಾಠ ನಿಲ್ಲಿಸುತ್ತೇವೆ, ಏಪ್ರಿಲ್ ಮೇ ತಿಂಗಳಲ್ಲಿ ಊರಿಗೆ ಹೋಗುತ್ತೇವೆ. ಹತ್ತನೆಯ ತರಗತಿಗೆ ಬಂದ ಕೂಡಲೆ ಸಂಗೀತವೇ ಬಂದ್. ಕಂಪ್ಯೂಟರ್ ತರಬೇತಿಗೆ ಪೂರ್ತಿ ಹಣವನ್ನು ಮುಂಗಡವಾಗಿ ಕಟ್ಟಿ ರಸೀದಿ ಪಡೆಯುವ ನಾವೇ, ಸಂಗೀತದ ಗುರುಗಳ ಮುಂದೆ ಹಾಜರಿಯ ಲೆಕ್ಕ ಹಾಕುತ್ತೇವೆ. ವರ್ಷದ ಹನ್ನೆರಡು ತಿಂಗಳೂ ಅವರ ಮನೆಗೆ ಬಾಡಿಗೆ ಇರುತ್ತದೆಯಲ್ಲವೆ? ಇಪ್ಪತ್ತು ವರ್ಷ ಪಾಠ ಹೇಳಿದವರು ಬೇಸತ್ತು ಬೇರೆ ಉದ್ಯೋಗ ಹಿಡಿದರೆ, ಅವರೊಡನೆ ಆ ಕಿವಿಯೂ ಹೊರಟುಹೋಗುತ್ತದೆ. ಅದನ್ನು ಮತ್ತೆ ಬೆಳೆಸಲು ಇನ್ನೊಂದು ಇಪ್ಪತ್ತು ವರ್ಷ ಬೇಕು.

ಇನ್ನು ಗುರುಗಳನ್ನು ಆರಿಸುವುದು ಹೇಗೆ? ಇಲ್ಲಿ ಅಮೀರ್‌ಪೇಟ್‌ನಿಂದಲೇ ಒಂದು ಒಳ್ಳೆಯ ಪದ್ಧತಿಯನ್ನು ಕಲಿಯಬಹುದು. ಇಲ್ಲಿಯ ತರಬೇತಿ ಕೇಂದ್ರಗಳಲ್ಲಿ ‘ಡೆಮೊ ಕ್ಲಾಸ್’ ಎಂಬುದುಂಟು. ಹಣ ಕಟ್ಟುವ ಮುನ್ನ ಒಂದೆರಡು ಪಾಠಗಳಲ್ಲಿ ಕುಳಿತು ನೋಡಬಹುದು. ಸಂಗೀತದಲ್ಲಿಯೂ ಗುರುಗಳ ಅನುಮತಿ ಪಡೆದು ಒಂದು ಸಂಜೆ ಮೂಲೆಯಲ್ಲಿ ಕುಳಿತು ನೋಡಿ. ಆದರೆ ದೊಡ್ಡ ಶಿಷ್ಯರು ಎಷ್ಟು ಚೆನ್ನಾಗಿ ಹಾಡುತ್ತಾರೆಂದು ನೋಡಬೇಡಿ. ತೀರ ಹಿಂದುಳಿದ ಮಗುವಿನೊಡನೆ ಗುರುಗಳು ಹೇಗೆ ವರ್ತಿಸುತ್ತಾರೆಂದು ನೋಡಿ. ತಪ್ಪಾದಾಗ ತಾವು ಹಾಡಿ ತೋರಿಸುತ್ತಾರೆಯೆ? ಒಂದು ಬಾರಿಗೆ ಒಂದೇ ತಪ್ಪನ್ನು ತಿದ್ದುತ್ತಾರೆಯೆ, ನಾಲ್ಕನ್ನು ಒಟ್ಟಿಗೆ ಹೇಳಿ ಮಗುವನ್ನು ಗಲಿಬಿಲಿಗೊಳಿಸುತ್ತಾರೆಯೆ? ಹಾರ್ಮೋನಿಯಂ ಅನ್ನು ಗಟ್ಟಿಯಾಗಿ ನುಡಿಸುತ್ತ ಮಗುವಿನ ದನಿಯನ್ನು ಮುಚ್ಚಿಬಿಡುತ್ತಾರೆಯೆ, ನಡುನಡುವೆ ವಾದ್ಯ ನಿಲ್ಲಿಸಿ ಬರಿಯ ದನಿಯನ್ನು ಕೇಳುತ್ತಾರೆಯೆ? ಹತ್ತು ಮಕ್ಕಳು ಒಟ್ಟಿಗೆ ಹಾಡುವ ಗುಂಪಿನಲ್ಲಿ ಪ್ರತಿಯೊಂದು ಮಗುವೂ ಒಂದು ಬಾರಿಯಾದರೂ ಒಂಟಿಯಾಗಿ ಹಾಡುವ ಅವಕಾಶ ಸಿಗುತ್ತದೆಯೆ? ಇವನ್ನು ತಿಳಿಯಲು ನಿಮಗೆ ಸಂಗೀತ ಬರಬೇಕಾಗಿಲ್ಲ.

2020ರ ಸಾಂಕ್ರಾಮಿಕದ ದಿನಗಳಿಂದೀಚೆಗೆ ಫೋನು, ಕಂಪ್ಯೂಟರಿನ ಮೂಲಕ ಪಾಠ ಬಳಕೆಗೆ ಬಂದಿದೆ. ಧಾರವಾಡದಲ್ಲೋ ಮೈಸೂರಿನಲ್ಲೋ ಇರುವ ಗುರುಗಳು ಹೈದರಾಬಾದಿನ ಮಗುವಿಗೆ ಒದಗುವುದು ಸಣ್ಣ ಉಪಕಾರವಲ್ಲ. ಆದರೆ ಅಲ್ಲಿ ದನಿ ತಲಪುವುದರಲ್ಲಿ ಒಂದಿಷ್ಟು ವಿಳಂಬವಿರುವುದರಿಂದ ಗುರು ಶಿಷ್ಯರು ಜೊತೆಯಾಗಿ ಹಾಡುವಂತಿಲ್ಲ; ಒಬ್ಬರ ತಾಳಕ್ಕೆ ಇನ್ನೊಬ್ಬರು ಸೇರುವಂತಿಲ್ಲ. ಆದ್ದರಿಂದ ತಳಪಾಯವು ಎದುರುಬದುರಾಗಿ ಬಿದ್ದ ಮೇಲೆ ಅದನ್ನು ಬಳಸುವುದು ಲೇಸು.

ಕೇಳ್ಮೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ಪಂಡಿತ ಜಸರಾಜರ ಬಾಲ್ಯ ಕಳೆದದ್ದು ಇದೇ ಹೈದರಾಬಾದಿನಲ್ಲಿ. ತಂದೆ ಮೋತಿರಾಮರು 1934ರಲ್ಲಿ ಇಲ್ಲಿಯೇ ತೀರಿಕೊಂಡರು. ಶಾಲೆಗೆ ಹೋಗುವ ದಾರಿಯ ಹೋಟೆಲೊಂದರಲ್ಲಿ ಬೇಗಂ ಅಖ್ತರರ ತಟ್ಟೆ ಹಾಡುವುದನ್ನು ಕೇಳುತ್ತ ನಿಂತುಬಿಡುತ್ತಿದ್ದೆನೆಂದು ಅವರು ಹೇಳಿಕೊಂಡಿದ್ದಾರೆ. ಮುಂದೆ ಅಣ್ಣ ಮಣಿರಾಮರಲ್ಲಿ ಶಿಕ್ಷಣವಾಯಿತು. ಕೇಳುವ ಹಸಿವು ಮೊದಲು, ಪಾಠ ಆಮೇಲೆ. ವಾರಕ್ಕೆ ಎರಡು ಗಂಟೆ ಪಾಠಕ್ಕೆ ಕಳಿಸಿ ಉಳಿದ ಹೊತ್ತೆಲ್ಲ ಮನೆಯಲ್ಲಿ ಟಿ.ವಿ. ಅಬ್ಬರವಿದ್ದರೆ ಎಂಥ ಗುರುವೂ ಏನೂ ಮಾಡಲಾರರು.

ಈಗ ಭಾಷೆಯ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಅನೇಕರು ಮಕ್ಕಳನ್ನು ಸಂಗೀತಕ್ಕೆ ಸೇರಿಸುವುದರ ಹಿಂದೆ ಇನ್ನೊಂದು ಆಸೆಯಿದೆ: ನಾಲ್ಕು ದೇವರನಾಮ, ನಾಲ್ಕು ವಚನ, ನಾಲ್ಕು ಭಾವಗೀತೆ ಕಲಿತರೆ ಮಗುವಿಗೆ ಕನ್ನಡ ಉಳಿದೀತು. ಆಸೆ ಒಳ್ಳೆಯದು, ಆದರೆ ಮನೆಯಲ್ಲಿ ನಾವು ಮಾಡಬೇಕಾದ ಕೆಲಸವನ್ನು ಸಂಗೀತದ ಗುರುಗಳ ಹೆಗಲಿಗೆ ಹಾಕುವುದು ನ್ಯಾಯವಲ್ಲ. ಇಲ್ಲಿಯ ಗುರುಗಳಲ್ಲಿ ಹೆಚ್ಚಿನವರು ತೆಲುಗರು. ಅವರು ಕಲಿಸುವ ಪಿಳ್ಳಾರಿಗೀತೆಗಳು ಪುರಂದರದಾಸರವು. ತೆಲುಗು ನಾಡಿನ ಮಗುವೊಂದು ಕರ್ನಾಟಕ ಸಂಗೀತದಲ್ಲಿ ಸಾಹಿತ್ಯವಿರುವ ರಚನೆಯನ್ನು ಮೊಟ್ಟಮೊದಲು ಹಾಡುವುದು ಒಬ್ಬ ಕನ್ನಡ ದಾಸರದ್ದನ್ನು; ಆ ಬಳಿಕ ನಮ್ಮ ಮಗು ಜೀವಮಾನವಿಡೀ ಹಾಡುವುದು ಹೆಚ್ಚಾಗಿ ತ್ಯಾಗರಾಜರ ತೆಲುಗನ್ನು. ಯಾವ ಸರ್ಕಾರವೂ ಏರ್ಪಡಿಸದ ಈ ಕೊಡುಕೊಳೆ ಪಾಠದ ಕೋಣೆಗಳಲ್ಲಿ ಶತಮಾನಗಳಿಂದ ನಡೆದುಬಂದಿದೆ.

ಮಕ್ಕಳು ಹಾಡನ್ನು ಬರೆದುಕೊಳ್ಳುವ ರೀತಿಯನ್ನು ನೋಡಿ. ಬಹಳ ಮಂದಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಾರೆ. ಆಗ ಲಕಾರ ಳಕಾರಗಳು ಒಂದಾಗುತ್ತವೆ, ನಕಾರ ಣಕಾರಗಳು ಒಂದಾಗುತ್ತವೆ, ಹ್ರಸ್ವ ದೀರ್ಘಗಳು ಅಳಿಸಿಹೋಗುತ್ತವೆ. ಬಾಳು ಬಾಲವಾಗುತ್ತದೆ. ತೆಲುಗು ಅಕ್ಷರಗಳಲ್ಲಿ ಬರೆದುಕೊಂಡ ಮಗುವಿಗೆ ಈ ತೊಂದರೆಯಿಲ್ಲ; ಈ ಭೇದಗಳೆಲ್ಲ ಆ ಲಿಪಿಯಲ್ಲಿವೆ. ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು 2018ರಲ್ಲಿ ಬಂದಿದೆ. ಅದನ್ನು ಕನ್ನಡಕ್ಕೆ ಬಂದ ಆತಂಕವೆಂದು ಕೆಲವರು ಕಂಡರು. ನನಗೆ ಅದು ಏಣಿಯಂತೆ ಕಾಣುತ್ತದೆ. ತೆಲುಗು ಅಕ್ಷರ ಬಲ್ಲ ಮಗುವಿಗೆ ಕನ್ನಡ ಅಕ್ಷರ ಕೆಲವೇ ವಾರಗಳ ಕೆಲಸ. ಸಂಗೀತದ ಪುಸ್ತಕವೇ ಅದಕ್ಕೆ ಓದುವ ಪುಸ್ತಕವಾಗಬಹುದು: ಎಡಪುಟದಲ್ಲಿ ತೆಲುಗು ಲಿಪಿ, ಬಲಪುಟದಲ್ಲಿ ಕನ್ನಡ ಲಿಪಿ, ಕೆಳಗೆ ತಾಯಿಯೋ ಅಜ್ಜಿಯೋ ಬರೆದುಕೊಟ್ಟ ಅರ್ಥ. ಅರ್ಥ ತಿಳಿದ ಮಗು ಪದವನ್ನು ಎಲ್ಲಿ ಒಡೆಯಬೇಕು, ಎಲ್ಲಿ ಉಸಿರೆಳೆಯಬೇಕೆಂಬುದನ್ನು ತಾನೇ ತಿಳಿಯುತ್ತದೆ. ಗುರುಗಳಿಗೂ ಅದರಿಂದ ನೆರವಾಗುತ್ತದೆ.

ಕೊನೆಯದಾಗಿ ಸಂಘದ ಹೊಣೆಯನ್ನು ಕುರಿತು ಹೇಳಬೇಕು. ಗುರುಗಳ ಕೆಲಸಕ್ಕೆ ಅತಿ ಹೆಚ್ಚು ಅಡ್ಡಿಯಾಗಿರುವುದು ನಮ್ಮ ವೇದಿಕೆಯೇ. ನವೆಂಬರ್ ಒಂದು ಹತ್ತಿರ ಬಂದಾಗ ‘ನಮ್ಮ ಮಗುವಿಗೊಂದು ಹಾಡು ಕಲಿಸಿಕೊಡಿ’ ಎಂದು ಗುರುಗಳ ಮನೆಗೆ ದೌಡಾಯಿಸುತ್ತೇವೆ. ಅವರು ನಡೆಯುತ್ತಿದ್ದ ಪಾಠವನ್ನು ನಿಲ್ಲಿಸಿ, ಗಿಣಿಗೆ ಕಲಿಸಿದಂತೆ ಒಂದು ಹಾಡನ್ನು ಕಲಿಸಿಕೊಡುತ್ತಾರೆ. ಮಗು ಹಾಡುತ್ತದೆ, ನಾವು ಚಪ್ಪಾಳೆ ತಟ್ಟುತ್ತೇವೆ, ಫೋಟೊ ತೆಗೆಯುತ್ತೇವೆ. ಯುಗಾದಿಗೆ ಇನ್ನೊಂದು ಹಾಡು, ದಾಸರ ಪುಣ್ಯದಿನಕ್ಕೆ ಮತ್ತೊಂದು. ಮೂರು ವರ್ಷದ ಕೊನೆಗೆ ಮಗುವಿಗೆ ಹನ್ನೆರಡು ಹಾಡು ಗೊತ್ತು. ಹದಿಮೂರನೆಯದನ್ನು ತಾನಾಗಿ ಕಲಿಯುವ ಶಕ್ತಿ ಇಲ್ಲ. ಇದಕ್ಕೆ ಗುರುಗಳನ್ನು ದೂರಿ ಫಲವಿಲ್ಲ, ಬೇಡಿಕೆ ನಮ್ಮದು.

ಆದ್ದರಿಂದ ಸಂಘದ ಮುಂದೆ ಮೂರು ಸೂಚನೆಗಳನ್ನಿಡುತ್ತೇನೆ. ಮೊದಲನೆಯದು, ಮೂರು ತಿಂಗಳಿಗೊಮ್ಮೆ ಒಂದು ಕೇಳುವ ಸಂಜೆಯನ್ನು ಏರ್ಪಡಿಸಬೇಕು. ಅಲ್ಲಿ ಅಲಂಕಾರ, ಪುಷ್ಪಗುಚ್ಛ, ಧ್ವನಿವರ್ಧಕ ಯಾವುದೂ ಬೇಡ. ಮಕ್ಕಳು ಈಗ ಯಾವ ಪಾಠದಲ್ಲಿದ್ದಾರೋ ಅದನ್ನೇ ಹಾಡಲಿ. ಜಂಟಿವರಸೆಯಲ್ಲಿರುವ ಮಗು ಜಂಟಿವರಸೆಯನ್ನೇ ಹಾಡಲಿ, ನಾವು ಗಂಭೀರವಾಗಿ ಕುಳಿತು ಕೇಳೋಣ. ಎರಡನೆಯದು, ರಾಜ್ಯೋತ್ಸವಕ್ಕೆ ಯಾವ ಮಗು ಏನು ಹಾಡಬೇಕೆಂಬುದನ್ನು ಗುರುಗಳೇ ನಿರ್ಧರಿಸಲಿ. ಅವರಿಗೆ ಮುಂದಿನ ಸಾಲಿನಲ್ಲಿ ಆಸನವನ್ನೂ, ಶಾಲಿನ ಬದಲು ಒಂದು ಗೌರವಧನವನ್ನೂ ಸಂಘ ಕೊಡಲಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಹೈದರಾಬಾದಿನಲ್ಲಿರುವ ಕನ್ನಡಿಗರೆಂದರೆ ಈ ಸಭೆಯಲ್ಲಿರುವ ನಾವಷ್ಟೇ ಅಲ್ಲ. ಈ ನಗರದ ಕಟ್ಟಡಗಳಿಗೆ ಇಟ್ಟಿಗೆ ಹೊರುವವರಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳಿಂದ ದುಡಿಯಲು ಬಂದವರೂ ಇದ್ದಾರೆ. ಅವರ ಮಕ್ಕಳೂ ಕನ್ನಡದ ಮಕ್ಕಳೇ. ಆ ಮನೆಗಳಲ್ಲಿ ತತ್ತ್ವಪದ, ಭಜನೆ, ಮೊಹರಮ್ಮಿನ ಪದಗಳು ನಮ್ಮ ಮನೆಗಳಿಗಿಂತ ಹೆಚ್ಚು ಜೀವಂತವಾಗಿರಬಹುದು. ಗದಗಿನ ಪಂಚಾಕ್ಷರಿ ಗವಾಯಿಗಳು ತಾವು ಅಂಧರಾಗಿದ್ದು, ಅಂಧರೂ ಬಡವರೂ ಆದ ಮಕ್ಕಳಿಗೆ ಅನ್ನ ವಸತಿ ಕೊಟ್ಟು ವಿದ್ಯೆ ಕಲಿಸಿದರು. ಬಸವರಾಜ ರಾಜಗುರು ಅವರಂಥ ಗಾಯಕರು ಅವರ ಕೈಯಲ್ಲಿ ಬೆಳೆದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿಕೊಂಡು ಬಂದರು. ನಮ್ಮಿಂದ ಅಷ್ಟು ದೊಡ್ಡ ಕೆಲಸ ಆಗಲಾರದು. ಆದರೆ ಹತ್ತು ಮನೆಗಳು ಕೂಡಿ ಒಂದು ಮಗುವಿನ ಪಾಠದ ಸಂಬಳವನ್ನು ಹೊರಬಹುದು. ವಾರ್ಷಿಕೋತ್ಸವದ ಒಂದು ಹೊತ್ತಿನ ಊಟದಲ್ಲಿ ಎರಡು ಭಕ್ಷ್ಯ ಕಡಿಮೆ ಮಾಡಿದರೆ ಅದಕ್ಕೆ ಬೇಕಾದ ಹಣ ಹುಟ್ಟುತ್ತದೆ. ಗುರುಗಳಿಗೆ ಅರ್ಧ ಸಂಬಳಕ್ಕೆ ಕಲಿಸಿರೆಂದು ಮಾತ್ರ ಕೇಳಬೇಡಿ. ಧರ್ಮ ನಮ್ಮದಾದರೆ ಖರ್ಚೂ ನಮ್ಮದೇ ಆಗಲಿ.

ಖಾಸಗಿ ಪಾಠವೆಂಬುದು ಹಣವುಳ್ಳವರ ಮನೆಯ ಒಡವೆಯಾಗಿ ಉಳಿದರೆ, ನಾಳೆ ಈ ನಗರದಲ್ಲಿ ಹಾಡುವ ಕೆಲವರು ಇರಬಹುದು. ಕೇಳುವ ಸಮುದಾಯ ಇರುವುದಿಲ್ಲ. ಈ ಮೂರರಲ್ಲಿ ಒಂದನ್ನಾದರೂ ಬರುವ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಮೊದಲ ಕೇಳುವ ಸಂಜೆಗೆ ದಿನ ಗೊತ್ತುಮಾಡಿದರೆ ನಾನೂ ಬಂದು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತೇನೆ.